ಮುಗಿದುಹೋದ ಈಜುಕೊಳ

ವಿಲ್ಗಬೂನ್ ಪಟ್ಟಣದ ಸಾರ್ವಜನಿಕ ಈಜುಕೊಳವು ಈಸ್ಟರ್ ಸೋಮವಾರದ ಸಂಜೆ ಮುಕ್ತಾಯಗೊಂಡಿತು.

ಮುಚ್ಚಿತು ಎಂದಲ್ಲ. ಪ್ರತಿ ವರ್ಷವೂ ಆ ಸಂಜೆ ಕೊಳವನ್ನು ಮುಚ್ಚುತ್ತಿದ್ದರು, ಅಲ್ಲಿ ಬೇಸಿಗೆ ಶುರುವಾಗುವ ನವೆಂಬರಿನ ಮೊದಲ ಶನಿವಾರ ಮತ್ತೆ ತೆರೆಯುತ್ತಿದ್ದರು. ಅದರಲ್ಲಿ ವಿಶೇಷವಿಲ್ಲ. ಈ ಸಲ ಅದು ಕುರಿ ಹರಾಜು ಮುಗಿದಂತೆ, ಮದುವೆ ಮುಗಿದಂತೆ ಮುಗಿಯಿತು. ಗುಂಡಿ, ನೀಲಿ ಬಿಲ್ಲೆಗಳು, ಜಿಗಿಯುವ ಹಲಗೆ, ಬೇಲಿ ಎಲ್ಲ ಇದ್ದಲ್ಲೇ ಇದ್ದವು. ಆದರೆ ಊರಿನ ಆಡಳಿತ ನಡೆಸುವ ಶೈರ್ ಕೌನ್ಸಿಲ್ಲಿನ ದೃಷ್ಟಿಯಲ್ಲಿ ಅದು ಆಗಿಹೋದ ಸಂಗತಿ.

ಇದರಲ್ಲಿ ಯಾರ ತಪ್ಪೂ ಇಲ್ಲ. ಕೌನ್ಸಿಲ್ ಇದನ್ನು ಲಿಖಿತವಾಗಿ ಸ್ಪಷ್ಟಪಡಿಸಿದೆ.

ಕೌನ್ಸಿಲ್ಲಿನ ಹಳೆಯ ಜಾಲತಾಣ ಸೂಚನಾಫಲಕದಂತಿತ್ತು. ಯಾರು ಬೇಕಾದರೂ ಏನು ಬೇಕಾದರೂ ಬರೆದು ಅಂಟಿಸಬಹುದಿತ್ತು. ‘ಕೊಳ ತೆರೆದಿದೆ, ಗಾಜಿನ ಬಾಟಲಿ ತರಬೇಡಿ’ ಎಂದು ಒಂದು ಸಾಲು ಇರುತ್ತಿತ್ತು. ಜನ ಓದಿ ಬರುತ್ತಿದ್ದರು. ಈ ಅನಾಗರಿಕ ಸ್ಥಿತಿಯನ್ನು ಕೊನೆಗಾಣಿಸಲು ಸಿಡ್ನಿಯಿಂದ ಲಾಕ್ಲನ್ ಹೂಪರ್ ಎಂಬ ತರುಣ ಡಿಜಿಟಲ್ ಪರಿವರ್ತನಾಧಿಕಾರಿಯಾಗಿ ಬಂದ. ಒಳ್ಳೆಯ ಹುಡುಗ. ಬಂದ ದಿನವೇ ಸಿಬ್ಬಂದಿಯನ್ನೆಲ್ಲ ಕೂರಿಸಿ, ಬರಹದ ಕಾಲ ಮುಗಿಯಿತೆಂದೂ ಇನ್ನು ಮುಂದೆ ದತ್ತಾಂಶದ ಕಾಲವೆಂದೂ ತಿಳಿಸಿದ.

ಹೊಸ ವ್ಯವಸ್ಥೆ ಸರಳವಾಗಿತ್ತು. ಶೈರ್‌ನಲ್ಲಿರುವ ಪ್ರತಿಯೊಂದೂ ಯಾವುದಾದರೊಂದು ಬಗೆಗೆ ಸೇರಿರಬೇಕು. ಬಗೆಗಳು ಆರು: ಸ್ಥಳ, ಸೇವೆ, ಕಾರ್ಯಕ್ರಮ, ವ್ಯಕ್ತಿ, ಸುದ್ದಿ, ನಾಯಿ. ಒಂದೊಂದು ಬಗೆಗೂ ತುಂಬಬೇಕಾದ ಖಾನೆಗಳಿದ್ದವು. ಕೆಲವು ಖಾನೆಗಳ ಪಕ್ಕ ಕೆಂಪು ನಕ್ಷತ್ರವಿತ್ತು. ನಕ್ಷತ್ರದ ಖಾನೆ ಖಾಲಿ ಬಿಟ್ಟರೆ ವ್ಯವಸ್ಥೆ ಆ ವಸ್ತುವನ್ನು ಸ್ವೀಕರಿಸುತ್ತಿರಲಿಲ್ಲ. ನಾಯಿ ಏಕೆ ಎಂದು ಯಾರೋ ಕೇಳಿದರು. ತಂತ್ರಾಂಶವನ್ನು ಮೊದಲು ಬೇರೊಂದು ಶೈರ್‌ಗಾಗಿ ಮಾಡಿದ್ದು, ಅಲ್ಲಿ ನಾಯಿಗಳ ಸಮಸ್ಯೆ ಇತ್ತು, ತೆಗೆಸಿದರೆ ಹೆಚ್ಚುವರಿ ಶುಲ್ಕ ಎಂದು ಲಾಕ್ಲನ್ ವಿವರಿಸಿದ. ಎಲ್ಲರಿಗೂ ಸಮಾಧಾನವಾಯಿತು.

ನಂತರ ಕೌನ್ಸಿಲ್ ಒಂದು ಠರಾವು ಮಾಡಿತು. ಅದರ ಪ್ರಕಾರ ಜಾಲತಾಣವೇ ‘ಸತ್ಯದ ಏಕೈಕ ಮೂಲ’. ವಿಮೆ, ವಿದ್ಯುತ್ತು, ಹುಲ್ಲು ಕತ್ತರಿಸುವ ಪಾಳಿ, ಕೊಳದ ಕ್ಲೋರಿನ್, ಎಲ್ಲವೂ ಅಲ್ಲಿಂದಲೇ ಮಾಹಿತಿ ಪಡೆಯತಕ್ಕದ್ದು. ಅಲ್ಲಿಲ್ಲದ್ದು ಎಲ್ಲಿಯೂ ಇಲ್ಲ.

ಕೊಳವನ್ನು ಸೇರಿಸುವ ಸರದಿ ಬಂದಾಗ ಲಾಕ್ಲನ್ ಮೊದಲು ‘ಸ್ಥಳ’ವನ್ನೇ ಪ್ರಯತ್ನಿಸಿದ. ಸ್ಥಳಕ್ಕೆ ಸೂರಿನಡಿಯ ವಿಸ್ತೀರ್ಣ ಕಡ್ಡಾಯ. ಕೊಳಕ್ಕೆ ಸೂರಿಲ್ಲ. ಸೊನ್ನೆ ಹಾಕಿದರೆ ವ್ಯವಸ್ಥೆ ಒಪ್ಪಲಿಲ್ಲ. ‘ಸೇವೆ’ಗೆ ಕಾಯುವ ಅವಧಿ ಕಡ್ಡಾಯ, ಕೊಳಕ್ಕೆ ಯಾರೂ ಕಾಯುವುದಿಲ್ಲ, ಹಾರಿಬಿಡುತ್ತಾರೆ. ‘ಕಾರ್ಯಕ್ರಮ’ಕ್ಕೆ ಬೇಕಾದದ್ದು ಆರಂಭದ ದಿನ ಮತ್ತು ಮುಕ್ತಾಯದ ದಿನ. ಕೊಳಕ್ಕೆ ಎರಡೂ ಇದ್ದವು. ನವೆಂಬರ್ ಶನಿವಾರ, ಈಸ್ಟರ್ ಸೋಮವಾರ. ಹೀಗೆ ಕೊಳ ಕಾರ್ಯಕ್ರಮವಾಯಿತು. ಈ ತರ್ಕದಲ್ಲಿ ಇವತ್ತಿನವರೆಗೂ ಯಾರೂ ದೋಷ ತೋರಿಸಿಲ್ಲ.

ಮೊದಲ ಬೇಸಿಗೆ ಚೆನ್ನಾಗಿಯೇ ಕಳೆಯಿತು. ದೂರು ಬಂದದ್ದು ಗ್ರಾಮೀಣ ಮಹಿಳಾ ಸಂಘದಿಂದ ಮಾತ್ರ. ಕಾರ್ಯಕ್ರಮಗಳ ಪಟ್ಟಿಯಲ್ಲಿ ಐದೂ ತಿಂಗಳು ಕೊಳವೇ ಮೇಲೆ ಕೂತು, ಸಂಘದ ಸ್ಕೋನ್ ತಿಂಡಿಯ ಮೇಳ ಕೆಳಗೆ ಯಾರ ಕಣ್ಣಿಗೂ ಬೀಳದೆ ಹೋಯಿತಂತೆ. ವಿಲ್ಗಬೂನ್‌ನಲ್ಲಿ ಸರ್ಕಾರವನ್ನು ಎದುರು ಹಾಕಿಕೊಂಡು ಬದುಕಬಹುದು, ಮಹಿಳಾ ಸಂಘವನ್ನಲ್ಲ. ಚಳಿಗಾಲದಲ್ಲಿ ಹೊಸ ನಿಯಮ ಬಂತು: ಯಾವುದೇ ಕಾರ್ಯಕ್ರಮ ಒಂದು ದಿನಕ್ಕಿಂತ ಹೆಚ್ಚು ಇರತಕ್ಕದ್ದಲ್ಲ.

ಅಕ್ಟೋಬರಿನಲ್ಲಿ ಬೆರಿಲ್ ಟ್ವೀಡಿ ಕೌನ್ಸಿಲ್ ಕಚೇರಿಗೆ ಬಂದಳು.

ಬೆರಿಲ್ ಕೊಳದ ಉಸ್ತುವಾರಿ. ಗಂಟಲು ದೊಡ್ಡದು, ತಾಳ್ಮೆ ಚಿಕ್ಕದು. ಪಟ್ಟಣದಲ್ಲಿ ಈಜು ಬಲ್ಲವರೆಲ್ಲ ಅವಳ ಕೈಯಲ್ಲಿ ನೀರು ಕುಡಿದವರೇ. ಕೊಳ ತೆರೆಯದಿದ್ದರೆ ಮಕ್ಕಳು ಎಲ್ಲಿಗೆ ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು. ಊರಾಚೆಯ ನೀರಾವರಿ ಕಾಲುವೆಗೆ. ಅದರ ನೀರು ಮೇಲೆ ನಿದ್ದೆ ಹೋದಂತೆ ಕಾಣುತ್ತದೆ, ಕೆಳಗೆ ಎಚ್ಚರವಾಗಿರುತ್ತದೆ.

“ಲಾಕಿ, ನನ್ನ ಕ್ಲೋರಿನ್ ಎಲ್ಲಪ್ಪಾ?”

“ಬೆರಿಲ್, ಮುಗಿದ ಕಾರ್ಯಕ್ರಮಕ್ಕೆ ಕ್ಲೋರಿನ್ ಹೋಗಲ್ಲ. ಹೋದ ವರ್ಷದ ಗುಲಾಬಿ ಪ್ರದರ್ಶನಕ್ಕೆ ಈಗ ಯಾರಾದ್ರೂ ಗೊಬ್ಬರ ಕಳಿಸ್ತಾರಾ?”

“ಅದು ಕೊಳ ಕಣೋ. ಗುಂಡಿ. ನೆಲದಲ್ಲಿದೆ. ನೀನು ಹುಟ್ಟೋಕೆ ಮುಂಚೆಯಿಂದ ಇದೆ.”

“ಗುಂಡಿ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಗುಂಡಿಗೆ ಬಗೆ ಇಲ್ಲ ಅಂದೆ.”

“ಹೊಸದಾಗಿ ಬರ್ಕೋ ಹಾಗಾದ್ರೆ. ನವೆಂಬರಿಂದ ಈಸ್ಟರ್.”

“ಒಂದು ದಿನದ ಮೇಲೆ ತಗೊಳ್ಳಲ್ಲ ಈಗ.”

“ಪ್ರತಿದಿನ ಅಂತ ಹಾಕು.”

“ಮರುಕಳಿಸೋ ಕಾರ್ಯಕ್ರಮ ತಂತ್ರಾಂಶದ ದುಬಾರಿ ಕಾಂಗರೂ ಯೋಜನೆಯಲ್ಲಿ ಬರುತ್ತೆ. ನಾವು ಕೊಂಡಿರೋದು ಅಗ್ಗದ ಎಕಿಡ್ನಾ ಯೋಜನೆ.”

ಬೆರಿಲ್ ಉಸಿರು ತೆಗೆದುಕೊಂಡಳು. “ಬಟ್ಟೆ ಬದಲಾಯಿಸೋ ಕೋಣೆ ಮೇಲೆ ತಗಡಿದೆಯಲ್ಲ? ಆ ಸೂರನ್ನೇ ಬರಿ. ಸ್ಥಳ ಆಯ್ತು.”

“ಅದು ಆಗ್ಲೇ ಸ್ಥಳ ಆಗಿದೆ. ಸಾರ್ವಜನಿಕ ಶೌಚಾಲಯ. ತುಂಬಾ ಒಳ್ಳೇ ಅಭಿಪ್ರಾಯ ಬಂದಿದೆ.”

“ಅದಕ್ಕೇ ಕೊಳಾನೂ ಸೇರಿಸಿಬಿಡು.”

“ಶೌಚಾಲಯದಲ್ಲಿ ಈಜೋದಕ್ಕೆ ವಿಮೆಯವರು ಒಪ್ಪಲ್ಲ ಬೆರಿಲ್.”

“ಹಾಗಾದ್ರೆ ನಾಯಿ ಅಂತ ಬರ್ಕೋ, ಮಾರಾಯ!”

ಲಾಕ್ಲನ್ ಪರದೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದ. ಒಳ್ಳೆಯ ಹುಡುಗ ಎಂದು ಆಗಲೇ ಹೇಳಿದೆ. “ಆಗಲ್ಲ,” ಎಂದ. “ತಳಿ ಕಡ್ಡಾಯ.”

ನವೆಂಬರಿನ ಮೊದಲ ಶನಿವಾರ ಬಂತು, ಹೋಯಿತು. ಬಿಸಿಲು ನಲವತ್ತು ಮುಟ್ಟಿತು. ಮುಖ್ಯರಸ್ತೆಯಲ್ಲಿ ಮಕ್ಕಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಟ್ಯೂಬು ಉರುಳಿಸಿಕೊಂಡು ಕಾಲುವೆಯ ಕಡೆ ಸಾಗುವುದು ಕಂಡಿತು. ಬೆರಿಲ್ ತನ್ನ ಹಳೆಯ ಕಾರನ್ನು ಕಾಲುವೆ ದಂಡೆಯ ಮೇಲೆ ನಿಲ್ಲಿಸಿ, ಮಡಚುವ ಕುರ್ಚಿಯಲ್ಲಿ ಕೂತು, ಸೀಟಿ ಊದಿ ಎಲ್ಲರನ್ನೂ ವಾಪಸು ಅಟ್ಟತೊಡಗಿದಳು. ಇದಕ್ಕೆ ಅವಳ ಬಳಿ ಪರವಾನಗಿ ಇಲ್ಲವೆಂದು ಕೌನ್ಸಿಲ್ ಅವಳಿಗೊಂದು ಎಚ್ಚರಿಕೆ ಕಳಿಸಿತು. ಪರವಾನಗಿಗೆ ಅರ್ಜಿ ಹಾಕಲು ಕಾಲುವೆ ಯಾವ ಬಗೆಯಲ್ಲೂ ಇರಲಿಲ್ಲ.

ಕೌನ್ಸಿಲ್ಲಿನ ಮಾಸಿಕ ಸಭೆಯಲ್ಲಿ ಸಾರ್ವಜನಿಕರ ಪ್ರಶ್ನೆಗೆಂದು ಸ್ವಲ್ಪ ಸಮಯವಿರುತ್ತದೆ. ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಅಂದು ಬೆರಿಲ್ ಬಂದಳು, ಅವಳ ಹಿಂದೆ ಅರ್ಧ ಊರೂ ಬಂತು. ಕೊಠಡಿಯಲ್ಲಿ ತಂಪು ಯಂತ್ರ ಇದ್ದದ್ದೂ ಒಂದು ಕಾರಣ.

ಮುಖ್ಯ ಆಡಳಿತಾಧಿಕಾರಿ ಗ್ರೇಮ್ ಪಿಲ್ಚರ್ ಎದ್ದು ನಿಂತು ಉತ್ತರಿಸಿದರು. ಜಲಾಧಾರಿತ ಮನರಂಜನೆಯ ವಿಷಯ ಆಡಳಿತದ ಗಮನದಲ್ಲಿದೆ. ‘ಕೊಳ’ ಎಂಬ ಹೊಸ ಬಗೆಯನ್ನು ಸೃಷ್ಟಿಸುವಂತೆ ತಂತ್ರಾಂಶದ ಕಂಪನಿಯನ್ನು ಕೋರಲಾಗಿದೆ. ಕಂಪನಿ ಅದನ್ನು ತನ್ನ ಕನಸುಗಳ ಪಟ್ಟಿಗೆ ಸೇರಿಸಿಕೊಂಡಿದೆ.

“ಗ್ರೇಮ್, ಮಕ್ಕಳು ಕಾಲುವೆಗೆ ಬೀಳ್ತಿದಾವೆ,” ಅಂದಳು ಬೆರಿಲ್.

“ಅಂಥ ಯಾವುದೇ ಘಟನೆ ದಾಖಲಾಗಿಲ್ಲ.”

“ನಾನು ಕೂತಿದೀನಿ ಅಂತ ದಾಖಲಾಗಿಲ್ಲ. ದಾಖಲಾಗಲಿ ಅಂತ ಎದ್ದು ಹೋಗ್ಲಾ?” ಅವಳು ಮೇಯರ್ ಕಡೆ ತಿರುಗಿದಳು. “ನರೆಲ್, ನೀನೇನು ನೆಲ ನೋಡ್ತಿದೀಯಾ? ಎಂಟನೇ ವಯಸ್ಸಲ್ಲಿ ನಿನ್ನ ಜುಟ್ಟು ಹಿಡಿದು ಆ ಕಾಲುವೆಯಿಂದ ಎಳೆದೋಳು ಯಾರು?”

ಮೇಯರ್ ನರೆಲ್ ಡಾಬ್ಸನ್ ತನಗರಿವಿಲ್ಲದೆ ತಲೆ ಮುಟ್ಟಿಕೊಂಡರು. “ನೀವೇ ಬೆರಿಲ್.”

“ಆಗ ನಿನಗೆ ಬಗೆ ಇತ್ತಾ?”

ಮೇಯರ್ ತಲೆಯಿಂದ ಕೈ ಇಳಿಸಿದರು. ಆಮೇಲೆ ಕೇಳಿದರು: “ಲಾಕ್ಲನ್, ಕಾರ್ಯಕ್ರಮ ಒಂದು ದಿನದ್ದಾಗಿರಬೇಕು, ಅಷ್ಟೇ ತಾನೆ? ದಿನಾ ಒಂದು ಹೊಸ ಕಾರ್ಯಕ್ರಮ ಮಾಡಿದ್ರೆ?”

“ತಾಂತ್ರಿಕವಾಗಿ ಅಡ್ಡಿ ಇಲ್ಲ. ಆದರೆ ಒಂದು ದಿನದ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ, ಉಪಾಹಾರ ಅಂತ ಹೊಸ ನಕ್ಷತ್ರದ ಖಾನೆಗಳಿವೆ, ಎಲ್ಲಾ ತುಂಬಬೇಕು. ಬರೀ ತುಂಬಿದ್ರೆ ಸಾಲದು, ಅದರಂತೆ ನಡೀಬೇಕು. ಸತ್ಯದ ಏಕೈಕ ಮೂಲ ಅಲ್ವಾ.”

ಸಭೆ ಒಮ್ಮತದಿಂದ ಅಂಗೀಕರಿಸಿತು. ಮರುದಿನ ಈ ಪ್ರಕಟಣೆ ಹೊರಬಿತ್ತು:

‘ವಿಲ್ಗಬೂನ್ ಶೈರ್ ಕೌನ್ಸಿಲ್ ಹೆಮ್ಮೆಯಿಂದ ಅರ್ಪಿಸುವ ಪ್ರಪ್ರಥಮ ಈಜುಕೊಳ ಕಾರ್ಯಕ್ರಮ. ಮುಖ್ಯ ಅತಿಥಿ: ಮಾನ್ಯ ಮೇಯರ್. ಲಘು ಉಪಾಹಾರ: ಸಾಸೇಜ್, ಈರುಳ್ಳಿ, ಬ್ರೆಡ್. ಸಂಚಾರ ನಿಯಂತ್ರಣ: ಉಂಟು. ಮಳೆ ಬಂದಲ್ಲಿ ಕಾರ್ಯಕ್ರಮವು ಸ್ಮಾರಕ ಭವನದೊಳಗೆ ನಡೆಯುವುದು. ಎಲ್ಲರಿಗೂ ಆದರದ ಸ್ವಾಗತ. ಕಾರ್ಯಕ್ರಮವು ಸಂಜೆ ಆರಕ್ಕೆ ಶಾಶ್ವತವಾಗಿ ಮುಕ್ತಾಯವಾಗುವುದು.’

ಕ್ಲೋರಿನ್ ಅಂದೇ ಬಂತು. ವಿಮೆ ಬಂತು. ರಸ್ತೆಯಲ್ಲಿ ಕೌನ್ಸಿಲ್ ನೌಕರ ಮರ್ವ್ ಕಿಟ್ಟೊ ಕಿತ್ತಳೆ ಅಂಗಿ ತೊಟ್ಟು, ಒಂದು ಕಡೆ ‘ನಿಲ್ಲಿ’ ಇನ್ನೊಂದು ಕಡೆ ‘ನಿಧಾನ’ ಎಂದು ಬರೆದ ಹಲಗೆ ಹಿಡಿದು ನಿಂತ. ಆ ರಸ್ತೆ ಕೊಳದಲ್ಲೇ ಕೊನೆಯಾಗುತ್ತದೆ, ಅದರಾಚೆ ಕುರಿಗಳಿವೆ. ಮರ್ವ್ ಕುರಿಗಳಿಗೆ ‘ನಿಧಾನ’ ತೋರಿಸಿದ. ಮೇಯರ್ ರಿಬ್ಬನ್ ಕತ್ತರಿಸಿ, ನೀರು ಮತ್ತು ಸಮುದಾಯ ಎಂಬ ವಿಷಯದ ಮೇಲೆ ಮಾತನಾಡಲು ತೊಡಗಿದರು. ಎರಡನೇ ವಾಕ್ಯಕ್ಕೆ ಮಕ್ಕಳೆಲ್ಲ ನೀರಿನಲ್ಲಿದ್ದರು. ಸಂಜೆ ಆರಕ್ಕೆ ಗ್ರೇಮ್ ಪಿಲ್ಚರ್ ವಂದನಾರ್ಪಣೆ ಮಾಡಿದರು. ಮರುದಿನ ಬೆಳಿಗ್ಗೆ ಮತ್ತೆ ಪ್ರಪ್ರಥಮ ಈಜುಕೊಳ ಕಾರ್ಯಕ್ರಮ ಉದ್ಘಾಟನೆಯಾಯಿತು.

“ಬಾಗಿಲು ತೆಗೆಯೋಕೆ ಭಾಷಣ, ಮುಚ್ಚೋಕೆ ಭಾಷಣ,” ಎಂದು ಬೆರಿಲ್ ಗೊಣಗಿದಳು. “ಸ್ವರ್ಗದ ಬಾಗಿಲಿಗೂ ಇಷ್ಟು ಗಲಾಟೆ ಇರಲಿಕ್ಕಿಲ್ಲ.”

“ಅಲ್ಲಿ ಸಾಸೇಜೂ ಇರಲಿಕ್ಕಿಲ್ಲ,” ಅಂದ ಮರ್ವ್, ಬಾಯಿ ತುಂಬಿಕೊಂಡು.

ಮುಖ್ಯ ಅತಿಥಿಗಳ ಕೊರತೆ ಬೇಗ ಕಾಣಿಸಿಕೊಂಡಿತು. ಒಂದೇ ಹೆಸರನ್ನು ವಾರದೊಳಗೆ ಮತ್ತೆ ಹಾಕಿದರೆ ವ್ಯವಸ್ಥೆ ನಕಲು ಎಂದು ತಿರಸ್ಕರಿಸುತ್ತಿತ್ತು. ಬೇಕರಿಯವನು ಬಂದ, ಹಲ್ಲಿನ ಡಾಕ್ಟರು ಬಂದರು, ಟ್ರಾಕ್ಟರ್ ರಿಪೇರಿಯವನು ಬಂದು ಗೇರ್ ಎಣ್ಣೆಯ ಬಗ್ಗೆ ಅಚ್ಚುಕಟ್ಟಾಗಿ ಮಾತನಾಡಿದ. ಕ್ರಮೇಣ ಜನಕ್ಕೆ ರುಚಿ ಹತ್ತಿತು. ತನ್ನನ್ನು ಇನ್ನೂ ಕರೆದಿಲ್ಲವೆಂದು ಅಂಚೆಯವಳು ಮುನಿಸಿಕೊಂಡು ಕೌನ್ಸಿಲ್ಲಿನ ಕಾಗದಗಳನ್ನು ತಡಮಾಡಿ ಹಂಚಿದಳು. ಗಂಡ ಹೆಂಡತಿ ಜಗಳದಲ್ಲಿ ‘ನೀನು ರಿಬ್ಬನ್ ಕತ್ತರಿಸಿದ ಚಂದ ನೋಡಿದೀನಿ ಬಿಡು’ ಎಂಬ ಮಾತು ಬಳಕೆಗೆ ಬಂತು.

ಡಿಸೆಂಬರಿನಲ್ಲಿ ಒಂದು ದಿನ ಮಳೆ ಸುರಿಯಿತು. ಊರವರು ಈಜುಡುಗೆಯಲ್ಲೇ ಟವೆಲ್ ಹೊದ್ದು ಸ್ಮಾರಕ ಭವನಕ್ಕೆ ಬಂದು, ಮರದ ನೆಲದ ಮೇಲೆ ಸಾಲಾಗಿ ಕೂತು, ಸಂಜೆ ಆರರವರೆಗೆ ಶಿಸ್ತಾಗಿ ಕಾಲ ಕಳೆದರು. ಬೆರಿಲ್ ಅಲ್ಲೂ ಸೀಟಿ ಊದಿ, ಓಡಾಡುವ ಮಕ್ಕಳನ್ನು ಗದರಿಸಿದಳು. ಯಾರೂ ಮುಳುಗಲಿಲ್ಲ.

ಕಾಲುವೆಯಲ್ಲಿ ಬಾತುಗಳು ಮಾತ್ರ ಉಳಿದಿದ್ದವು. ಬೆರಿಲ್‌ಗೆ ಬೇಕಾದದ್ದು ಅಷ್ಟೇ. ಆದರೂ ಸಿಕ್ಕಸಿಕ್ಕವರ ಬಳಿ ಹೇಳುತ್ತಿದ್ದಳು, ಆ ಕಂಪನಿಯವರು ‘ಕೊಳ’ ಎಂಬ ಬಗೆ ಕೊಡಲಿ, ಈ ಸರ್ಕಸ್ಸಿಗೆ ಬೆಂಕಿ ಬೀಳಲಿ.

ಜನವರಿಯಲ್ಲಿ ರಾಜ್ಯ ಸರ್ಕಾರದ ಇಲಾಖೆಯೊಂದರಿಂದ ಆದೇಶ ಬಂತು. ಸಣ್ಣ ಪಟ್ಟಣಗಳ ಹಳೆಯ ಈಜುಕೊಳಗಳಿಂದ ಖರ್ಚು ಹೆಚ್ಚು, ಲಾಭ ಕಡಿಮೆ. ಆದ್ದರಿಂದ ಅಂಥ ಕೊಳಗಳನ್ನು ಮಣ್ಣು ತುಂಬಿಸಿ, ಮೇಲೆ ಹುಲ್ಲು ಬೆಳೆಸಿ, ‘ಚಿಂತನಾ ಉದ್ಯಾನ’ಗಳಾಗಿ ಪರಿವರ್ತಿಸುವುದು. ಪಕ್ಕದ ಪಟ್ಟಣದ ಕೊಳ ಆ ತಿಂಗಳಲ್ಲೇ ಉದ್ಯಾನವಾಯಿತು. ಅಲ್ಲಿನ ಮಕ್ಕಳು ಚಿಂತನೆ ಮಾಡಲಿಲ್ಲ, ನದಿಗೆ ಹೋದರು.

ವಿಲ್ಗಬೂನ್ ತನ್ನಲ್ಲಿರುವ ಕೊಳಗಳ ಪಟ್ಟಿ ಕಳಿಸತಕ್ಕದ್ದು ಎಂದು ಆದೇಶದಲ್ಲಿತ್ತು. ಗ್ರೇಮ್ ಪಿಲ್ಚರ್ ಆದೇಶಗಳನ್ನು ಪಾಲಿಸುವ ಮನುಷ್ಯ. ಸತ್ಯದ ಏಕೈಕ ಮೂಲವನ್ನು ತೆರೆದು, ಎಲ್ಲ ಸ್ಥಳಗಳಲ್ಲಿ ಹುಡುಕಿದರು. ಕೊಳವಿರಲಿಲ್ಲ. ಸೇವೆಗಳಲ್ಲಿ ಹುಡುಕಿದರು. ಇರಲಿಲ್ಲ. ‘ನಮ್ಮ ಶೈರ್‌ನಲ್ಲಿ ಈಜುಕೊಳಗಳು ಇರುವುದಿಲ್ಲ’ ಎಂದು ಬರೆದು ಕಳಿಸಿ, ಊಟದ ಬಿಡುವಿನಲ್ಲಿ ಎಂದಿನಂತೆ ಈಜಲು ಹೋದರು.

ಅದೇ ವಾರ ತಂತ್ರಾಂಶದ ಕಂಪನಿ ಸಂತಸದ ಸುದ್ದಿ ಕಳಿಸಿತು. ‘ಕೊಳ’ ಎಂಬ ಬಗೆ ಸಿದ್ಧವಾಗಿದೆ. ಉಚಿತ. ಲಾಕ್ಲನ್ ಬಿಸಿಲಿನಲ್ಲಿ ಓಡೋಡಿ ಕೊಳಕ್ಕೆ ಬಂದ.

“ಬೆರಿಲ್! ಬಂತು! ಒಂದು ಗುಂಡಿ ಒತ್ತಿದ್ರೆ ಸಾಕು, ನಾಳೆಯಿಂದ ಕೊಳ ಕೊಳ ಆಗುತ್ತೆ. ರಿಬ್ಬನ್ ಬೇಡ, ಭಾಷಣ ಬೇಡ, ಏನೂ ಬೇಡ!”

ಪಕ್ಕದ ಪಟ್ಟಣದ ಕೊಳಕ್ಕೆ ಆದದ್ದನ್ನು ಕೇಳಿದ್ದ ಬೆರಿಲ್ ಅವನನ್ನು ಬೆಂಚಿನ ಮೇಲೆ ಕೂರಿಸಿದಳು. ಕೈಗೊಂದು ಸಾಸೇಜ್ ಕೊಟ್ಟಳು.

“ತಿನ್ನು ಮಗಾ. ಆ ಗುಂಡಿ ಎಲ್ಲಿದೆ?”

“ನನ್ನ ಕಂಪ್ಯೂಟರಲ್ಲಿ.”

“ಅದನ್ನ ಒತ್ತೋ ಬೆರಳು ಯಾವುದು?”

ಲಾಕ್ಲನ್ ತೋರಿಸಿದ. ಬೆರಿಲ್ ಅದನ್ನು ಮೃದುವಾಗಿ ಹಿಡಿದುಕೊಂಡಳು.

“ಇದನ್ನ ಜೋಪಾನ ಮಾಡ್ಕೋ. ಇನ್ನೂ ಬೇರೆ ಬೇರೆ ಕೆಲಸಕ್ಕೆ ಬೇಕಾಗುತ್ತೆ ನಿನಗೆ.”

“ಆದ್ರೆ... ಸತ್ಯ...”

“ಸತ್ಯ ಏನು? ಇವತ್ತು ಬೆಳಿಗ್ಗೆ ಇದು ಶುರುವಾಯ್ತಾ ಇಲ್ವಾ?”

“ಆಯ್ತು.”

“ಸಂಜೆ ಮುಗಿಯುತ್ತಾ ಇಲ್ವಾ?”

“ಮುಗಿಯುತ್ತೆ.”

“ಮತ್ತೆ? ಕಾರ್ಯಕ್ರಮ ಅಂದ್ರೆ ಇನ್ನೇನು ಕೊಂಬು ಇರುತ್ತಾ?”

ಲಾಕ್ಲನ್ ಯೋಚಿಸಿದ. ಅವನ ದತ್ತಾಂಶದಲ್ಲಿ ಮೊದಲಿನಿಂದಲೂ ದೋಷವಿರಲಿಲ್ಲವೆಂದು ಅವನಿಗೆ ಮನವರಿಕೆಯಾಯಿತು. ಸಾಸೇಜ್ ಮುಗಿಸಿ, ಕಂಪನಿಗೆ ವಂದನೆಗಳೊಡನೆ ನಿರಾಕರಣೆ ಕಳಿಸಿದ.

ಆದರೂ ಇಲಾಖೆಗೆ ಸಂಶಯ ಬಂತು. ಫೆಬ್ರವರಿಯ ಒಂದು ಬೆಳಿಗ್ಗೆ, ಬಿಸಿಲು ನಲವತ್ತೆರಡಿದ್ದಾಗ, ಪ್ರುಡೆನ್ಸ್ ಹ್ಯಾಲೊರನ್ ಎಂಬ ತಪಾಸಣಾಧಿಕಾರಿ ಬೂದು ಬಣ್ಣದ ಸೂಟು ತೊಟ್ಟು ಬಂದಿಳಿದರು. ಮರ್ವ್ ಅವರ ಕಾರಿಗೆ ‘ನಿಲ್ಲಿ’ ತೋರಿಸಿದ. ಆ ಬೇಸಿಗೆಯಲ್ಲಿ ಅವನಿಗೆ ಸಿಕ್ಕ ಮೊದಲ ವಾಹನ. ಬಹಳ ಹೊತ್ತು ನಿಲ್ಲಿಸಿದ.

ಗೇಟಿನ ಮುಂದೆ ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಬೆರಿಲ್ ಹೊಸ ಹ್ಯಾಟು ಹಾಕಿಕೊಂಡಿದ್ದಳು.

“ಇದೇನು?” ಎಂದು ಕೇಳಿದರು ಅಧಿಕಾರಿ, ಬೇಲಿಯೊಳಗೆ ಕೈ ತೋರಿಸಿ.

“ಕಾರ್ಯಕ್ರಮ,” ಅಂದಳು ಬೆರಿಲ್.

“ನೀರಿದೆಯಲ್ಲ?”

“ಕಾರ್ಯಕ್ರಮ ಅಂದ್ಮೇಲೆ ನೀರಿನ ವ್ಯವಸ್ಥೆ ಇರಬೇಕಲ್ಲ ತಾಯಿ.”

“ಎಷ್ಟು ಸಮಯದಿಂದ ನಡೀತಿದೆ?”

“ಇನ್ನೂ ಶುರುವಾಗಿಲ್ಲ.”

“ನಿನ್ನೆ ಇತ್ತಾ?”

“ನಿನ್ನೆಯದು ಬೇರೆ. ಮುಗೀತು. ಚೆನ್ನಾಗಿತ್ತು.”

ಅಧಿಕಾರಿ ತಮ್ಮ ಕೈಯಂತ್ರ ತೆಗೆದರು. ಮುಚ್ಚಬೇಕಾದ ಕೊಳವನ್ನು ಅದರಲ್ಲಿ ಪಟ್ಟಿಯಿಂದ ಆರಿಸಬೇಕಿತ್ತು. ಇಲಾಖೆಯ ಪಟ್ಟಿ ಶೈರ್‌ಗಳು ಕಳಿಸಿದ ಉತ್ತರಗಳಿಂದ ಬರುತ್ತದೆ. ವಿಲ್ಗಬೂನ್ ಹೆಸರಿನ ಕೆಳಗೆ ಖಾಲಿ ಇತ್ತು. ಅವರು ಮುಖ್ಯ ಕಚೇರಿಗೆ ಫೋನು ಮಾಡಿದರು. “ನನ್ನ ಕಣ್ಣೆದುರಿಗೇ ಇದೆ, ಬೇಲಿ, ಹಲಗೆ, ನೀರು ಎಲ್ಲ... ಹೌದು... ಪಟ್ಟಿಯಲ್ಲಿ ಇಲ್ಲ... ಹಾಗಾದ್ರೆ ಕಂಡದ್ದನ್ನ ಎಲ್ಲಿ ಬರೀಲಿ?... ಕಂಡದ್ದಕ್ಕೆ ಖಾನೆ ಇಲ್ವಾ?... ಸರಿ.”

ಆ ಹೊತ್ತಿಗೆ ಬೇರೊಂದು ಸಂಕಟ ಎದುರಾಗಿತ್ತು. ಅಂದಿನ ಮುಖ್ಯ ಅತಿಥಿ, ಪಶುವೈದ್ಯರು, ಹಸುವೊಂದರ ಹೆರಿಗೆಗೆ ಹೋಗಿದ್ದರು. ಮುಖ್ಯ ಅತಿಥಿಯಿಲ್ಲದೆ ಕಾರ್ಯಕ್ರಮ ಪ್ರಕಟವಾಗದು, ಪ್ರಕಟವಾಗದೆ ವಿಮೆಯಿಲ್ಲ, ವಿಮೆಯಿಲ್ಲದೆ ಗೇಟು ತೆರೆಯದು. ಮಕ್ಕಳು ಕಾದ ನೆಲದ ಮೇಲೆ ಒಂದೊಂದೇ ಕಾಲೆತ್ತಿ ಕುಣಿಯುತ್ತಿದ್ದರು. ಇಬ್ಬರು ಆಗಲೇ ಕಾಲುವೆಯ ದಾರಿ ನೋಡುತ್ತಿದ್ದರು. ಆ ವಾರ ತಮ್ಮ ಸರದಿ ಆಗಲೇ ಮುಗಿಸಿದ್ದ ಮೇಯರ್, ಗ್ರೇಮ್, ಲಾಕ್ಲನ್ ಮೂವರೂ ಒಟ್ಟಿಗೆ ಬೂದು ಸೂಟಿನ ಕಡೆ ತಿರುಗಿದರು.

“ಮೇಡಂ, ನಿಮ್ಮ ಹೆಸರು ನಮ್ಮ ವ್ಯಕ್ತಿಗಳ ಬಗೆಯಲ್ಲಿ ಇನ್ನೂ ಇಲ್ಲ,” ಎಂದ ಲಾಕ್ಲನ್ ವಿನಯದಿಂದ. “ಸೇರಿಸೋಕೆ ಒಂದೇ ನಿಮಿಷ.”

“ನಾನು ಇದನ್ನ ಮುಚ್ಚೋಕೆ ಬಂದಿರೋಳು.”

“ಅದು ಸಂಜೆ ತಾನಾಗೇ ಮುಚ್ಚುತ್ತೆ,” ಅಂದರು ಮೇಯರ್. “ಶಾಶ್ವತವಾಗಿ. ಪ್ರಕಟಣೆಯಲ್ಲೇ ಇದೆ ನೋಡಿ.”

ಬೆರಿಲ್ ಕತ್ತರಿ ಚಾಚಿದಳು. ಅಧಿಕಾರಿ ಮಕ್ಕಳನ್ನು ನೋಡಿದರು, ನೀರನ್ನು ನೋಡಿದರು, ಸೂಟಿನ ಕಾಲರಿನೊಳಗೆ ಬೆರಳು ಹಾಕಿ ಎಳೆದರು. ಆಮೇಲೆ ರಿಬ್ಬನ್ ಕತ್ತರಿಸಿದರು. ಭಾಷಣ ಚುಟುಕಾಗಿತ್ತು: “ಹೋಗಿ.” ಆ ಬೇಸಿಗೆಯ ಅತ್ಯುತ್ತಮ ಭಾಷಣ ಅದೇ ಎಂದು ಊರಿನ ಅಭಿಪ್ರಾಯ.

ಮಧ್ಯಾಹ್ನದ ಹೊತ್ತಿಗೆ ಸೂಟು ಬೇಲಿಯ ಮೇಲಿತ್ತು, ಅಧಿಕಾರಿ ನೀರಿನಲ್ಲಿದ್ದರು. ಕೈಕಾಲು ಬಡಿಯುವ ರೀತಿ ಸರಿಯಿಲ್ಲವೆಂದು ಬೆರಿಲ್ ದಡದಿಂದ ಕೂಗಿ ತಿದ್ದಿದಳು. ಸಂಜೆ ಆರಕ್ಕೆ ಅವರು ಎಲ್ಲರೊಡನೆ ನಿಂತು ವಂದನಾರ್ಪಣೆ ಕೇಳಿ, ಚಪ್ಪಾಳೆ ತಟ್ಟಿ, ಒದ್ದೆ ಕೂದಲಲ್ಲೇ ಕಾರು ಹತ್ತಿದರು.

ಅವರ ವರದಿಯನ್ನು ಇಲಾಖೆ ಯಥಾವತ್ತಾಗಿ ಅಂಗೀಕರಿಸಿದೆ. ಅದರಲ್ಲಿ ಹೀಗಿದೆ: ‘ವಿಲ್ಗಬೂನ್‌ನಲ್ಲಿ ಈಜುಕೊಳ ಕಂಡುಬರಲಿಲ್ಲ. ಆಳದ ಕಡೆ ನೀರು ಸ್ವಲ್ಪ ತಣ್ಣಗಿದೆ.’